ಗೂಡು ಬೇಯಿಸಿದ ನೀರಿನಿಂದ ಒಂದು ಕಂಪನಿ: ರಾಜ್ಯ ಸರ್ಕಾರ ಎಲ್ಲಿ, ಯಾವಾಗ ಕೈಹಿಡಿಯುತ್ತದೆ?

ಶಿಡ್ಲಘಟ್ಟದ ರೀಲಿಂಗ್ ಘಟಕಗಳಲ್ಲಿ ರೇಷ್ಮೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ಉಳಿದ ನೀರು ಸಾಮಾನ್ಯವಾಗಿ ಚರಂಡಿ ಸೇರುತ್ತದೆ. ಆ ನೀರಿನಲ್ಲಿ ಸೆರಿಸಿನ್ ಎಂಬ ಪ್ರೋಟೀನ್ ಇರುತ್ತದೆ. ರೇಷ್ಮೆಯ ಎಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟು ಅದು. ಗೂಡಿನ ರೇಷ್ಮೆಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಈ ಅಂಟೇ. ಬಟ್ಟೆಗೆ ಅದು ಬೇಡ, ನೀರಿಗೆ ಸೇರಿದರೆ ಮಾಲಿನ್ಯ. ಆದರೆ ಚರ್ಮಕ್ಕೆ ಹಚ್ಚುವ ಕ್ರೀಮಿಗೆ, ತಲೆಗೂದಲಿನ ಉತ್ಪನ್ನಗಳಿಗೆ ಅದೇ ಬೆಲೆಬಾಳುವ ಕಚ್ಚಾವಸ್ತು. ರೇಷ್ಮೆಯ ಪ್ರೋಟೀನ್ ಬಳಸಿ ಗಾಯದ ಪಟ್ಟಿ ಮಾಡುವ ಫೈಬ್ರೋಹೀಲ್ ಎಂಬ ಕಂಪನಿ ಬೆಂಗಳೂರಿನಲ್ಲಿ ಆಗಲೇ ಇದೆ.

ಹಾಗಾದರೆ ಶಿಡ್ಲಘಟ್ಟದ ಒಬ್ಬ ಹುಡುಗಿ ಬಯೋಟೆಕ್ನಾಲಜಿ ಓದಿ, ಊರಿನ ಈ ನೀರಿನಿಂದಲೇ ಒಂದು ಕಂಪನಿ ಕಟ್ಟುತ್ತೇನೆ ಎಂದು ಹೊರಟರೆ ರಾಜ್ಯ ಸರ್ಕಾರ ಅವಳಿಗೆ ಏನು ಕೊಡುತ್ತದೆ? ಪೇಪರಿನಲ್ಲಿ ಘೋಷಣೆಗಳು ಬರುತ್ತಲೇ ಇರುತ್ತವೆ. ನೀತಿ, ನಿಧಿ, ಪಾರ್ಕ್, ಮಿಷನ್ ಎಂದು ಹೆಸರುಗಳು ಜಾಸ್ತಿ. ಯಾವ ಕಚೇರಿಯ ಬಾಗಿಲು ಮೊದಲು ತಟ್ಟಬೇಕು, ಯಾವ ದುಡ್ಡು ಯಾವಾಗ ಕೈಗೆ ಬರುತ್ತದೆ ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನ ಯುವಕರು ಬೆಂಗಳೂರಿಗೆ ಇಷ್ಟು ಹತ್ತಿರ ಇದ್ದೂ ಈ ಸಹಾಯದಿಂದ ದೂರ ಉಳಿಯುವುದಕ್ಕೆ ಇದೇ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ. ಅದಕ್ಕೇ ಈ ಊಹೆಯ ಸೆರಿಸಿನ್ ಕಂಪನಿಯನ್ನು ಇಟ್ಟುಕೊಂಡು ದಾರಿಯನ್ನು ಒಂದೊಂದಾಗಿ ನೋಡೋಣ.

ಇದಕ್ಕೆ ಬೇರೆಯದೇ ನೀತಿ ಯಾಕೆ?

ಮೊಬೈಲ್ ಆ್ಯಪ್ ಮಾಡುವವರು ಲ್ಯಾಪ್‌ಟಾಪ್ ಇಟ್ಟುಕೊಂಡು ಮನೆಯಲ್ಲೇ ಕೆಲಸ ಶುರು ಮಾಡಬಹುದು. ತಪ್ಪಿದ್ದರೆ ನಾಳೆ ತಿದ್ದಬಹುದು. ಜೀವವಿಜ್ಞಾನದ ಕಂಪನಿಗೆ ಅದು ಸಾಧ್ಯವಿಲ್ಲ. ಮೊದಲ ದಿನದಿಂದಲೇ ಲ್ಯಾಬ್ ಬೇಕು. ಶುದ್ಧತೆ ಅಳೆಯುವ ಯಂತ್ರ ಬೇಕು. ಚರ್ಮಕ್ಕೆ ಸೋಕುವ ವಸ್ತುವಾದರೆ ಸುರಕ್ಷತೆಯ ಪರೀಕ್ಷೆ, ಗಾಯಕ್ಕೆ ಹಚ್ಚುವುದಾದರೆ ಇನ್ನೂ ಕಠಿಣ ಪರೀಕ್ಷೆ. ಲೈಸೆನ್ಸ್ ಕೈಗೆ ಬರದೆ ಒಂದು ರೂಪಾಯಿಯ ಮಾಲೂ ಮಾರುವಂತಿಲ್ಲ. ಅಂದರೆ ಆದಾಯ ಶುರುವಾಗುವ ಮೊದಲೇ ಹಲವು ವರ್ಷ ಖರ್ಚು. ಬ್ಯಾಂಕು ಇಂಥ ಕಂಪನಿಗೆ ಸಾಲ ಕೊಡಲು ಹಿಂಜರಿಯುವುದು ಸಹಜವೇ ಅಲ್ವಾ? ಅಡವಿಡಲು ಏನೂ ಇರುವುದಿಲ್ಲ.

ಬಯೋಕಾನ್ ಕಂಪನಿಯ ಉದಾಹರಣೆಯನ್ನೇ ನೋಡಿ. ಕಿರಣ್ ಮಜುಂದಾರ್ ಅದನ್ನು 1978ರಲ್ಲಿ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಶುರು ಮಾಡಿದರು. ಮೊದಲು ಮಾಡಿದ್ದು ಪರಂಗಿ ಕಾಯಿಯ ಹಾಲಿನಿಂದ ಬರುವ ಪಪೈನ್ ಎಂಬ ಕಿಣ್ವ ಮತ್ತು ಮೀನಿನಿಂದ ತೆಗೆಯುವ ಐಸಿಂಗ್ಲಾಸ್. ಆಗ ರಾಜ್ಯದಲ್ಲಿ ಬಯೋಟೆಕ್ ನೀತಿ ಎಂಬುದೇ ಇರಲಿಲ್ಲ. ಅವರ ಇನ್ಸುಲಿನ್ ಮಾರುಕಟ್ಟೆಗೆ ಬಂದದ್ದು 2004ರಲ್ಲಿ. ಪಪೈನ್‌ನಿಂದ ಇನ್ಸುಲಿನ್‌ಗೆ 26 ವರ್ಷ. ಅಷ್ಟು ಕಾಲ ತಡೆದುಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆ ಕಾಲವನ್ನು ಸ್ವಲ್ಪವಾದರೂ ಕಡಿಮೆ ಮಾಡುವುದು ಸರ್ಕಾರದ ಬೆಂಬಲದ ಉದ್ದೇಶ.

ಕರ್ನಾಟಕ ತನ್ನ ಮೊದಲ ಬಯೋಟೆಕ್ ನೀತಿಯನ್ನು ತಂದದ್ದು 2001ರಲ್ಲಿ. ಎರಡನೆಯದು 2009ರಲ್ಲಿ, ಮೂರನೆಯದು 2017ರಲ್ಲಿ. ಈಗಿನದು 2024-29ರ ನೀತಿ. ನೀತಿ ಹೇಗಿರಬೇಕು ಎಂದು ಸಲಹೆ ಕೊಡಲು ಬಯೋಟೆಕ್ ವಿಷನ್ ಗ್ರೂಪ್ ಎಂಬ ತಜ್ಞರ ಗುಂಪಿದೆ. ಕಿರಣ್ ಮಜುಂದಾರ್ ಶಾ ಅವರೇ ಅದರ ಅಧ್ಯಕ್ಷರಾಗಿ ಬಹುಕಾಲ ಕೆಲಸ ಮಾಡಿದ್ದಾರೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನೀತಿ ಎಂದರೆ ದುಡ್ಡಲ್ಲ. ಸಂಪುಟ ನೀತಿಯನ್ನು ಒಪ್ಪುತ್ತದೆ. ಆಮೇಲೆ ಇಲಾಖೆ ಸರ್ಕಾರಿ ಆದೇಶ ಹೊರಡಿಸುತ್ತದೆ. ಅದಾದ ಮೇಲೆ ಯಾರು ಅರ್ಹರು, ಯಾವ ಕಾಗದ ಕೊಡಬೇಕು, ಎಷ್ಟು ದಿನದೊಳಗೆ ಕೊಡಬೇಕು ಎಂಬ ಮಾರ್ಗಸೂಚಿ ಬರುತ್ತದೆ. ಬಜೆಟ್‌ನಲ್ಲಿ ಹಣ ಇಡಬೇಕು. ಈ ನಾಲ್ಕೂ ಆದ ಮೇಲೆಯೇ ನಿಮ್ಮ ಅರ್ಜಿಗೆ ಜೀವ. ಹಾಗಾಗಿ ಪೇಪರಿನ ಸುದ್ದಿ ನೋಡಿ ಓಡಬೇಡಿ. ಮಾರ್ಗಸೂಚಿಯನ್ನೇ ಓದಿ. ನೀತಿಯ ಅವಧಿಯನ್ನೂ ನೋಡಿ. ನಿಮ್ಮ ಖರ್ಚು ಆ ಅವಧಿಯೊಳಗೆ ಬಿದ್ದಿರಬೇಕು. ನೀತಿಗಳು ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತವೆ, ಅಂಕಿಗಳೂ ಬದಲಾಗುತ್ತವೆ.

ಇನ್ನೊಂದು ಮಾತು. ಒಂದೇ ಇಲಾಖೆ ಎಲ್ಲವನ್ನೂ ಕೊಡುವುದಿಲ್ಲ. ಐಡಿಯಾ ಮತ್ತು ಸಂಶೋಧನೆಯ ಹಂತದಲ್ಲಿ ಐಟಿ ಬಿಟಿ ಇಲಾಖೆ. ಕಾರ್ಖಾನೆಯ ಹಂತದಲ್ಲಿ ವಾಣಿಜ್ಯ ಮತ್ತು ಕೈಗಾರಿಕೆ ಇಲಾಖೆ. ಚಾಕಿ ಹುಳಕ್ಕೆ, ಅಂದರೆ ಮರಿ ರೇಷ್ಮೆ ಹುಳಕ್ಕೆ ಎಳೆ ಸೊಪ್ಪು, ಕೊನೆಯ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಹುಳಕ್ಕೆ ಬಲಿತ ಸೊಪ್ಪು ಹಾಕುತ್ತೇವಲ್ಲ, ಇದೂ ಹಾಗೇ. ಕಂಪನಿಗೆ ಎಷ್ಟು ವಯಸ್ಸು ಎಂಬುದರ ಮೇಲೆ ಸಹಾಯದ ಬಗೆ ನಿಂತಿದೆ. ಐಡಿಯಾ ಮಾತ್ರ ಇರುವವರು ಜಮೀನಿನ ಸಬ್ಸಿಡಿ ಕೇಳಿದರೆ ಬರಿಗೈಯಲ್ಲಿ ವಾಪಸ್ ಬರಬೇಕಾಗುತ್ತದೆ. ಆ ಒಂದು ಅನುಭವದಿಂದಲೇ ಸರ್ಕಾರದಿಂದ ಏನೂ ಸಿಗುವುದಿಲ್ಲ ಎಂದು ಕೈಬಿಡುವವರೂ ಇದ್ದಾರೆ.

ಮೊದಲ ದುಡ್ಡು

ನಮ್ಮ ಸೆರಿಸಿನ್ ಹುಡುಗಿ ಮೊದಲು ಒಂದು ಕಂಪನಿ ನೋಂದಾಯಿಸಬೇಕು. ಪ್ರೈವೇಟ್ ಲಿಮಿಟೆಡ್ ಆಗಬಹುದು, ಎಲ್ಎಲ್‌ಪಿ ಆಗಬಹುದು. ಆಮೇಲೆ ಎರಡು ಕಡೆ ಸ್ಟಾರ್ಟಪ್ ಎಂದು ಗುರುತಿಸಿಕೊಳ್ಳಬೇಕು. ಒಂದು ಕೇಂದ್ರದ ಸ್ಟಾರ್ಟಪ್ ಇಂಡಿಯಾ, ಇನ್ನೊಂದು ರಾಜ್ಯದ ಸ್ಟಾರ್ಟಪ್ ಕರ್ನಾಟಕ. ರಾಜ್ಯದ 2022-27ರ ಸ್ಟಾರ್ಟಪ್ ನೀತಿಯ ಪ್ರಕಾರ (2025ರಲ್ಲಿ ಅದರ ಜಾಗಕ್ಕೆ 2025-30ರ ನೀತಿ ಬಂತು) ಕಂಪನಿ ಕರ್ನಾಟಕದಲ್ಲಿ ನೋಂದಣಿಯಾಗಿರಬೇಕಿತ್ತು. ಅದಕ್ಕೆ 10 ವರ್ಷ ಮೀರಿರಬಾರದಿತ್ತು. ವಹಿವಾಟು 100 ಕೋಟಿ ರೂಪಾಯಿ ದಾಟಿರಬಾರದಿತ್ತು. ಕೆಲಸಗಾರರಲ್ಲಿ ಕನಿಷ್ಠ ಅರ್ಧದಷ್ಟು ಜನ ಕರ್ನಾಟಕದಲ್ಲೇ ಇರಬೇಕಿತ್ತು.

ಇದಾದ ಮೇಲೆ ನೋಡಬೇಕಾದ್ದು ಎಲಿವೇಟ್. 2017ರಲ್ಲಿ ಶುರುವಾದ ಈ ಕಾರ್ಯಕ್ರಮವನ್ನು ಐಟಿ ಬಿಟಿ ಇಲಾಖೆಯ ಕಿಟ್ಸ್ ಎಂಬ ಸಂಸ್ಥೆ ನಡೆಸುತ್ತದೆ. ಆಯ್ಕೆಯಾದ ಕಂಪನಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. ಇದು ಸಾಲವಲ್ಲ. ಸರ್ಕಾರ ಇದಕ್ಕೆ ಬದಲಾಗಿ ಕಂಪನಿಯಲ್ಲಿ ಪಾಲನ್ನೂ ಕೇಳುವುದಿಲ್ಲ. ಹೊರಗಿನ ಹೂಡಿಕೆದಾರರು 50 ಲಕ್ಷ ಕೊಟ್ಟರೆ ಕಂಪನಿಯ ಒಂದು ತುಂಡು ಅವರದಾಗುತ್ತದೆ. ಇಲ್ಲಿ ಹಾಗಿಲ್ಲ. ಅದಕ್ಕೇ ಶುರುವಿನ ಹಂತದಲ್ಲಿ ಅನುದಾನದ ಒಂದು ರೂಪಾಯಿ ಹೂಡಿಕೆಯ ಒಂದು ರೂಪಾಯಿಗಿಂತ ಬೆಲೆಯುಳ್ಳದ್ದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಪ್ರತ್ಯೇಕ ಎಲಿವೇಟ್ ಸುತ್ತುಗಳನ್ನೂ ಇಲಾಖೆ ನಡೆಸಿದೆ.

ಹಣ ಒಟ್ಟಿಗೆ ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ. ನೀವು ಅರ್ಜಿಯಲ್ಲಿ ಹೇಳಿದ ಮೈಲುಗಲ್ಲನ್ನು ಮುಟ್ಟಿದ್ದೀರಾ ಎಂದು ನೋಡಿ ಮುಂದಿನ ಕಂತು ಬಿಡುತ್ತಾರೆ. ಹಾಗಾಗಿ ಅರ್ಜಿ ಬರೆಯುವಾಗ ದೊಡ್ಡ ಮಾತು ಬೇಡ. 'ದೇಶದ ಗಾಯಗಳನ್ನೆಲ್ಲ ಗುಣಪಡಿಸುತ್ತೇವೆ' ಎನ್ನುವ ಬದಲು 'ಆರು ತಿಂಗಳಲ್ಲಿ ಐದು ರೀಲಿಂಗ್ ಘಟಕಗಳ ನೀರಿನಿಂದ ಸೆರಿಸಿನ್ ತೆಗೆದು, ಪ್ರತಿ ಬ್ಯಾಚಿನ ಶುದ್ಧತೆ ಇಷ್ಟು ಎಂದು ತೋರಿಸುತ್ತೇವೆ' ಎನ್ನಿ. ಅಳೆಯಲು ಬರುವ ಮಾತನ್ನೇ ಬರೆದರೆ ಕಂತು ಕೇಳುವಾಗ ನಿಮಗೂ ಸುಲಭ, ನೋಡುವವರಿಗೂ ಸುಲಭ.

ಎಲಿವೇಟ್ ಜೊತೆಗೆ ಕೇಂದ್ರದ ಒಂದು ಅನುದಾನವನ್ನೂ ನೆನಪಿಡಬೇಕು. ಬೈರಾಕ್ ಎಂಬುದು ಕೇಂದ್ರ ಬಯೋಟೆಕ್ನಾಲಜಿ ಇಲಾಖೆ 2012ರಲ್ಲಿ ಕಟ್ಟಿದ ಸಂಸ್ಥೆ. ಅದರ ಬಿಗ್ ಅನುದಾನವೂ 50 ಲಕ್ಷದವರೆಗೆ, ಅವಧಿ 18 ತಿಂಗಳು. ರಾಜ್ಯದ್ದು ಬೇರೆ, ಕೇಂದ್ರದ್ದು ಬೇರೆ. ಆದರೆ ಒಂದೇ ಖರ್ಚನ್ನು ಎರಡೂ ಕಡೆ ತೋರಿಸುವಂತಿಲ್ಲ. ಕೆಲಸವನ್ನು ಭಾಗ ಮಾಡಿ, ಇದು ಇವರ ಹಣದಲ್ಲಿ, ಅದು ಅವರ ಹಣದಲ್ಲಿ ಎಂದು ಮೊದಲೇ ಬರೆದಿಡಬೇಕು. ಈ ಲೆಕ್ಕದಲ್ಲಿ ಎಡವಟ್ಟಾದರೆ ಮುಂದಿನ ಅನುದಾನಗಳಿಗೂ ಪೆಟ್ಟು.

ಈಗ ಬಹಳ ಜನ ತಪ್ಪು ತಿಳಿಯುವ ಜಾಗಕ್ಕೆ ಬರೋಣ. ಅನುದಾನವನ್ನು ಬಿಟ್ಟರೆ ರಾಜ್ಯದ ಸಹಾಯ ಬಹುಪಾಲು 'ಮೊದಲು ನೀವು ಖರ್ಚು ಮಾಡಿ, ಆಮೇಲೆ ನಾವು ವಾಪಸ್ ಕೊಡುತ್ತೇವೆ' ಎಂಬ ಬಗೆಯದು. ಪೇಟೆಂಟ್ ಖರ್ಚನ್ನೇ ತೆಗೆದುಕೊಳ್ಳಿ. ರಾಜ್ಯದ 2022-27ರ ಸ್ಟಾರ್ಟಪ್ ನೀತಿಯಲ್ಲಿ ಭಾರತದ ಪೇಟೆಂಟಿಗೆ 2 ಲಕ್ಷದವರೆಗೆ, ವಿದೇಶದ ಪೇಟೆಂಟಿಗೆ 10 ಲಕ್ಷದವರೆಗೆ ಮರುಪಾವತಿ ಇಟ್ಟಿದ್ದರು. ಅರ್ಜಿ ಹಾಕಿದ ಮೇಲೆ ಶೇ 75, ಪೇಟೆಂಟ್ ಸಿಕ್ಕ ಮೇಲೆ ಉಳಿದ ಶೇ 25. ನಮ್ಮ ಹುಡುಗಿಗೆ ಒಟ್ಟು 1,60,000 ರೂಪಾಯಿ ಖರ್ಚಾಯಿತು ಎನ್ನಿ. ಮೊದಲು ಅಷ್ಟನ್ನೂ ಅವಳೇ ಕೊಡಬೇಕು. ಆಮೇಲೆ 1,20,000 ವಾಪಸ್. ಉಳಿದ 40,000 ಪೇಟೆಂಟ್ ಕೈಗೆ ಬಂದಾಗ. ಅದು ವರ್ಷಗಳ ಮಾತು. ರಾಜ್ಯದ ಜಿಎಸ್‌ಟಿ ಪಾಲಿನ ಮರುಪಾವತಿ, ಗುಣಮಟ್ಟದ ಸರ್ಟಿಫಿಕೇಟ್ ಖರ್ಚು, ಮಾರಾಟ ಮೇಳಗಳ ಖರ್ಚು ಎಲ್ಲವೂ ಇದೇ ರೀತಿ.

ಹಾಗಾಗಿ ಕೈಯಲ್ಲಿ ಒಂದಿಷ್ಟು ಓಡಾಡುವ ದುಡ್ಡು ಇರಲೇಬೇಕು. ಸರ್ಕಾರದ ಮರುಪಾವತಿಯನ್ನು ನಂಬಿ ಸಂಬಳದ ದಿನ ಲೆಕ್ಕ ಹಾಕಬಾರದು. ಪ್ರತಿ ಬಿಲ್ಲು ಕಂಪನಿಯ ಹೆಸರಿನಲ್ಲಿರಲಿ, ಪಾವತಿ ಕಂಪನಿಯ ಖಾತೆಯಿಂದಲೇ ಹೋಗಲಿ. ಅಪ್ಪನ ಖಾತೆಯಿಂದ ಕೊಟ್ಟ ದುಡ್ಡಿಗೆ ಮರುಪಾವತಿ ಕೇಳಲು ಬರುವುದಿಲ್ಲ. ಹಳ್ಳಿಯ ಮನೆಗಳಲ್ಲಿ ಇದೇ ಹೆಚ್ಚು ಆಗುವುದು. ಇನ್ನು, ಸಬ್ಸಿಡಿ ಕೊಡಿಸುತ್ತೇನೆ, ಇಷ್ಟು ಪರ್ಸೆಂಟ್ ಕೊಡಿ ಎಂದು ಬರುವವರ ಮಾತಿಗೆ ದಯವಿಟ್ಟು ಬೀಳಬೇಡಿ. ಅರ್ಜಿಗಳು ಆನ್‌ಲೈನ್‌ನಲ್ಲಿವೆ, ನೇರವಾಗಿ ನೀವೇ ಹಾಕಬಹುದು.

ಲ್ಯಾಬ್ ಎಲ್ಲಿದೆ?

ನನ್ನ ಅಭಿಪ್ರಾಯದಲ್ಲಿ ರಾಜ್ಯ ಕೊಟ್ಟಿರುವ ಅತಿ ದೊಡ್ಡ ಸಹಾಯ ದುಡ್ಡಲ್ಲ, ಲ್ಯಾಬ್. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಹೀಲಿಕ್ಸ್ ಬಯೋಟೆಕ್ ಪಾರ್ಕ್‌ನಲ್ಲಿ ಬೆಂಗಳೂರು ಬಯೋಇನ್ನೋವೇಶನ್ ಸೆಂಟರ್ ಇದೆ. ರಾಜ್ಯ ಸರ್ಕಾರ ಕೇಂದ್ರದ ನೆರವು ಸೇರಿಸಿ ಕಟ್ಟಿದ ಇನ್‌ಕ್ಯುಬೇಟರ್, ಅಂದರೆ ಹೊಸ ಕಂಪನಿಗಳನ್ನು ಬೆಳೆಸುವ ಕೇಂದ್ರ ಅದು. ಅಲ್ಲಿ ಒಂದು ಮೇಜು, ಒಂದು ಲ್ಯಾಬ್ ಜಾಗ ಬಾಡಿಗೆಗೆ ಸಿಗುತ್ತದೆ. ಒಬ್ಬ ಸಣ್ಣ ಉದ್ಯಮಿ ತನ್ನ ಆಯುಷ್ಯದಲ್ಲೇ ಕೊಳ್ಳಲಾರದ ಯಂತ್ರಗಳನ್ನು ಅಲ್ಲಿ ಗಂಟೆಯ ಲೆಕ್ಕದಲ್ಲಿ ಬಳಸಬಹುದು. ಪಕ್ಕದ ಕಂಪನಿಯವರು ಅದೇ ಪರೀಕ್ಷೆಯಲ್ಲಿ ಹೇಗೆ ಸೋತರು, ಹೇಗೆ ಗೆದ್ದರು ಎಂದು ಊಟದ ಹೊತ್ತಿನಲ್ಲಿ ಕೇಳಿ ತಿಳಿಯಬಹುದು. ಇದು ಯಾವ ಮಾರ್ಗಸೂಚಿಯಲ್ಲೂ ಬರೆದಿಲ್ಲ, ಆದರೆ ಬಹಳ ಉಪಯೋಗಕ್ಕೆ ಬರುತ್ತದೆ.

ಶಿಡ್ಲಘಟ್ಟದಿಂದ ಎಲೆಕ್ಟ್ರಾನಿಕ್ ಸಿಟಿ ಎಂದರೆ ಇಡೀ ಬೆಂಗಳೂರನ್ನು ದಾಟಬೇಕು. ನಮಗೆ ಹತ್ತಿರದ್ದು ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣ. ಚಿಕ್ಕಬಳ್ಳಾಪುರದಿಂದ ಬರುವವರಿಗೆ ಅದು ಊರಿನ ಈ ಕಡೆಯಲ್ಲೇ ಸಿಗುತ್ತದೆ. ಅಲ್ಲಿ ಸಿ-ಕ್ಯಾಂಪ್ ಇದೆ. 2009ರಲ್ಲಿ ಕೇಂದ್ರ ಬಯೋಟೆಕ್ನಾಲಜಿ ಇಲಾಖೆ ಶುರು ಮಾಡಿದ ಸಂಸ್ಥೆ. ಬಿಗ್ ಅನುದಾನಕ್ಕೆ ಅರ್ಜಿ ಹಾಕುವವರಿಗೆ ಕೈಹಿಡಿದು ನಡೆಸುವ ಕೆಲಸವನ್ನೂ ಅದು ಮಾಡುತ್ತದೆ. ಅದೇ ಆವರಣದಲ್ಲಿ ಕೃಷಿ ವಿಶ್ವವಿದ್ಯಾಲಯವೂ ಇದೆ. ರೇಷ್ಮೆಯ ವಿಷಯಕ್ಕೆ ಬಂದರೆ ತಲಘಟ್ಟಪುರದಲ್ಲಿ ರಾಜ್ಯದ್ದೇ ರೇಷ್ಮೆ ಸಂಶೋಧನಾ ಸಂಸ್ಥೆ ಇದೆ, ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜು ಇದೆ. ಗೂಡಿನ ತಳಿಯ ಬಗ್ಗೆ ಗೊತ್ತಿರುವ ಜನ ಅಲ್ಲಿದ್ದಾರೆ. ಅವರ ಮಾತು ಬೇಕೇ ಬೇಕು. ಹಳದಿ ಬಣ್ಣದ ಮಿಶ್ರತಳಿ ಗೂಡಿನಲ್ಲಿ ಬಣ್ಣ ಕೂತಿರುವುದು ಹೆಚ್ಚಾಗಿ ಆ ಅಂಟಿನಲ್ಲೇ. ಬಿಳಿ ದ್ವಿತಳಿ ಗೂಡಿನ ಸೆರಿಸಿನ್ ಬೇರೆ, ಇದು ಬೇರೆ. ಇದು ತಿಳಿಯದೆ ಎರಡೂ ನೀರನ್ನು ಒಂದೇ ಡ್ರಮ್ಮಿಗೆ ಸುರಿದರೆ ಪ್ರತಿ ಬ್ಯಾಚೂ ಬೇರೆ ಬೇರೆ ಬಣ್ಣ ಬರುತ್ತದೆ.

ಕೋಲಾರದ ಕಡೆಯವರಿಗೆ ಸೆರಿಸಿನ್‌ಗಿಂತ ಟೊಮೆಟೊ ಹತ್ತಿರ. ಬಿಳಿನೊಣದ ಕಾಟ, ಎಲೆ ಮುರುಟು ರೋಗ ಅಲ್ಲಿಯ ರೈತರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ. ಜೈವಿಕ ಕೀಟನಾಶಕ ಮಾಡುವ ಕಂಪನಿಗೆ ಅದೇ ಬಯಲಿನ ಲ್ಯಾಬ್. ಹೊಸ ತಂತ್ರಜ್ಞಾನವನ್ನು ನಾವೇ ಕಂಡುಹಿಡಿಯಬೇಕು ಎಂದೇನೂ ಇಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೇಂದ್ರದ್ದು. ಅದು ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಟಿಯಂನಂತಹ (ಬೆಳೆಗೆ ಒಳ್ಳೆಯದು ಮಾಡುವ ಸೂಕ್ಷ್ಮಜೀವಿಗಳ ಮಿಶ್ರಣ) ತನ್ನ ತಂತ್ರಜ್ಞಾನವನ್ನು ಶುಲ್ಕ ಪಡೆದು ಉದ್ಯಮಿಗಳಿಗೆ ಕೊಡುತ್ತದೆ. ಅದರದೇ ಪ್ರಯೋಗ ಕೇಂದ್ರ ತುಮಕೂರಿನ ಹಿರೇಹಳ್ಳಿಯಲ್ಲಿದೆ, ಕೃಷಿ ವಿಜ್ಞಾನ ಕೇಂದ್ರವೂ ಜೊತೆಗಿದೆ. ಕೋಲಾರಕ್ಕೆ ಟಮಕ, ಚಿಕ್ಕಬಳ್ಳಾಪುರಕ್ಕೆ ಚಿಂತಾಮಣಿ ಬಳಿಯ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ.

ಯಾವುದನ್ನು ಮೊದಲು ಮಾರಬೇಕು?

ಇದು ಸಹಾಯದ ಪ್ರಶ್ನೆಯಂತೆ ಕಾಣುವುದಿಲ್ಲ. ಆದರೆ ಅದೇ ಮುಖ್ಯ. ಯಾಕೆಂದರೆ ನೀವು ಏನು ಮಾಡುತ್ತೀರಿ ಎಂಬುದರ ಮೇಲೆ ಯಾವ ಕಾನೂನು, ಯಾವ ಲೈಸೆನ್ಸು, ಎಷ್ಟು ಕಾಲ ಎಂಬುದು ತೀರ್ಮಾನವಾಗುತ್ತದೆ.

ಅದೇ ಸೆರಿಸಿನ್. ಕ್ರೀಮಿಗೆ ಹಾಕಿ ಮಾರಿದರೆ ಅದು ಸೌಂದರ್ಯವರ್ಧಕ. 2020ರ ಸೌಂದರ್ಯವರ್ಧಕ ನಿಯಮಗಳ ಅಡಿ ತಯಾರಿಕಾ ಲೈಸೆನ್ಸ್ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳೇ ಕೊಡುತ್ತಾರೆ. ಗಾಯದ ಪಟ್ಟಿ ಮಾಡಿದರೆ ಅದು ವೈದ್ಯಕೀಯ ಸಾಧನ. 2017ರ ವೈದ್ಯಕೀಯ ಸಾಧನ ನಿಯಮಗಳು ಅಪಾಯದ ಮಟ್ಟ ನೋಡಿ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿವೆ. ಎ ಮತ್ತು ಬಿ ವರ್ಗಗಳ ತಯಾರಿಕೆ ರಾಜ್ಯದ ಕೈಯಲ್ಲಿ, ಸಿ ಮತ್ತು ಡಿ ಕೇಂದ್ರದ ಕೈಯಲ್ಲಿ. ತೆರೆದ ಗಾಯಕ್ಕೆ ಹಚ್ಚುವುದು, ಅದೂ ಜೀವಿಯಿಂದ ಬಂದ ವಸ್ತು ಎಂದರೆ ವರ್ಗ ಮೇಲೇರುವ ಸಾಧ್ಯತೆ ಇದೆ. ವರ್ಗ ಮೇಲೇರಿದಷ್ಟೂ ಪರೀಕ್ಷೆ, ಕಾಲ, ಖರ್ಚು ಜಾಸ್ತಿ.

ಹಾಗಾಗಿ ಮೊದಲು ಕ್ರೀಮ್ ತಯಾರಿಸುವ ಕಂಪನಿಗಳಿಗೆ ಸೆರಿಸಿನ್ ಪುಡಿ ಮಾರಿ ನಾಲ್ಕು ಕಾಸು ನೋಡಿ, ಬ್ಯಾಚಿನ ಗುಣಮಟ್ಟ ಒಂದೇ ಸಮ ಇಡುವುದನ್ನು ಕಲಿತು, ಆಮೇಲೆ ಗಾಯದ ಪಟ್ಟಿಗೆ ಹೋಗುವುದು ಒಳ್ಳೆಯದು. ಬಯೋಕಾನ್ ಕೂಡ ಕಿಣ್ವ ಮಾರಿಯೇ ನೆಲೆ ನಿಂತಿತು. ಔಷಧ ಆಮೇಲೆ ಬಂತು.

ಕೃಷಿ ಕಡೆಯೂ ಇದೇ ಲೆಕ್ಕ. ಜೈವಿಕ ಗೊಬ್ಬರ 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ಸೇರುತ್ತದೆ. ಬೆಳೆ ಉತ್ತೇಜಕಗಳನ್ನು 2021ರಲ್ಲಿ ಅದೇ ಆದೇಶಕ್ಕೆ ತಂದರು. ಜೈವಿಕ ಕೀಟನಾಶಕ ಮಾತ್ರ 1968ರ ಕೀಟನಾಶಕ ಕಾಯ್ದೆಗೆ ಸೇರುತ್ತದೆ. ಅದಕ್ಕೆ ಕೇಂದ್ರ ಮಂಡಳಿಯ ನೋಂದಣಿ ಬೇಕು, ಹೊಲದಲ್ಲಿ ಕೆಲಸ ಮಾಡುತ್ತದೆ ಎಂಬ ದಾಖಲೆ ಬೇಕು. ಆಮೇಲೆಯೇ ರಾಜ್ಯದ ಕೃಷಿ ಇಲಾಖೆಯ ತಯಾರಿಕಾ ಲೈಸೆನ್ಸ್. ತುಮಕೂರಿನ ಸಿದ್ಧರ ಬೆಟ್ಟದ ಕಡೆಯ ಗಿಡಮೂಲಿಕೆಯಿಂದ ಏನಾದರೂ ತೆಗೆಯುವ ಯೋಚನೆಯಿದ್ದರೆ 2002ರ ಜೀವವೈವಿಧ್ಯ ಕಾಯ್ದೆಯೂ ಬರುತ್ತದೆ. ವಾಣಿಜ್ಯಕ್ಕೆ ಬಳಸುವ ಮುನ್ನ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ತಿಳಿಸಬೇಕು. ಕಾಡಿನಿಂದ ತರುವುದಾದರೆ ಅರಣ್ಯ ಇಲಾಖೆಯ ಒಪ್ಪಿಗೆಯೂ ಬೇಕು.

ಆಹಾರ ಸಂಸ್ಕರಣೆಗೆ ದಾರಿಯೇ ಬೇರೆ. ತಿಪಟೂರಿನ ತೆಂಗಿನಿಂದ ಎಣ್ಣೆ ತೆಗೆಯುವುದು, ಕೋಲಾರದ ಟೊಮೆಟೊದಿಂದ ಸಾಸ್ ಮಾಡುವುದು ಬಯೋಟೆಕ್ ಅಲ್ಲ. ಅದಕ್ಕೆ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆ ಇದೆ. ಕೇಂದ್ರದ ಶೇ 35ರ ಜೊತೆಗೆ ಕರ್ನಾಟಕ ತನ್ನ ಪಾಲು ಸೇರಿಸಿ ಒಟ್ಟು ಶೇ 50, ಗರಿಷ್ಠ 15 ಲಕ್ಷ ರೂಪಾಯಿವರೆಗೆ ಸಹಾಯಧನ ಕೊಡುತ್ತ ಬಂದಿದೆ. ಇದು ಬ್ಯಾಂಕ್ ಸಾಲದ ಜೊತೆ ಬರುವಂಥದ್ದು. ಸಣ್ಣದಾಗಿ ಶುರು ಮಾಡುವವರಿಗೆ ಎಲಿವೇಟ್‌ಗಿಂತ ಇದೇ ಸುಲಭ.

ಬೀಕರ್‌ನಿಂದ ಡ್ರಮ್ಮಿಗೆ

ಅನುದಾನದ ದುಡ್ಡಿನಲ್ಲಿ ಬೀಕರಿನಲ್ಲಿ ಸೆರಿಸಿನ್ ಬಂತು. ಪರೀಕ್ಷೆ ಪಾಸಾಯಿತು. ಕೊಳ್ಳುವವರು ಮಾದರಿ ನೋಡಿ ತಿಂಗಳಿಗೆ 50 ಕಿಲೋ ಕೊಡಿ ಎಂದರು. ಇಲ್ಲಿಯೇ ಎಷ್ಟೋ ಕಂಪನಿಗಳು ನಿಂತುಹೋಗುತ್ತವೆ. ಒಂದು ಲೀಟರಿನಲ್ಲಿ ಆದದ್ದು 500 ಲೀಟರಿನಲ್ಲಿ ಹಾಗೇ ಆಗುವುದಿಲ್ಲ. ಬಿಸಿ ಎಲ್ಲ ಕಡೆ ಸಮ ತಲುಪುವುದಿಲ್ಲ. ನಮ್ಮ ಬೋರ್‌ವೆಲ್ ನೀರಿನ ಗಡಸುತನ ಒಂದು ಕಡೆ ಇದ್ದ ಹಾಗೆ ಇನ್ನೊಂದು ಕಡೆ ಇರುವುದಿಲ್ಲ. ಬೇಸಿಗೆಯ ಗೂಡು, ಮಳೆಗಾಲದ ಗೂಡು ಬೇರೆ ಬೇರೆ. ನೀರು ಒಂದು ದಿನ ನಿಂತರೆ ಕೊಳೆತು ವಾಸನೆ. ಹಾಗಾಗಿ ಘಟಕದ ಬಳಿಯೇ ಸೋಸುವ ವ್ಯವಸ್ಥೆ ಬೇಕು.

ಈ ಹಂತಕ್ಕೆ ಬೇಕಾದ್ದು ಪೈಲಟ್ ಘಟಕ. ಲ್ಯಾಬಿಗಿಂತ ದೊಡ್ಡದು, ಕಾರ್ಖಾನೆಗಿಂತ ಚಿಕ್ಕದು. ಅನುದಾನ ಇದಕ್ಕೆ ಸಾಲುವುದಿಲ್ಲ. ಕಾರ್ಖಾನೆಯ ಸಬ್ಸಿಡಿ ಇನ್ನೂ ಶುರುವಾಗಿರುವುದಿಲ್ಲ. ರಾಜ್ಯದ ಬೆಂಬಲ ತೆಳುವಾಗಿರುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ಕೇಂದ್ರ 2024ರ ಆಗಸ್ಟ್‌ನಲ್ಲಿ ಒಪ್ಪಿದ ಬಯೋಇ3 ನೀತಿ ಜೈವಿಕ ತಯಾರಿಕೆಗೆ ಒತ್ತು ಕೊಟ್ಟಿದೆ. ಇದರ ಫಲವಾಗಿ ಹಂಚಿಕೊಂಡು ಬಳಸುವ ಪೈಲಟ್ ಘಟಕಗಳು ಬರಬೇಕು. ಬಂದರೆ ಅವು ಬೆಂಗಳೂರಿನೊಳಗೆ ಬೇಡ. ಗೂಡು ಇರುವ ಶಿಡ್ಲಘಟ್ಟದ ಹತ್ತಿರ, ಟೊಮೆಟೊ ಇರುವ ಕೋಲಾರದ ಹತ್ತಿರ, ತೆಂಗು ಇರುವ ತಿಪಟೂರಿನ ಹತ್ತಿರ ಬರಲಿ. ಕಚ್ಚಾವಸ್ತು ಕೊಳೆಯುವ ಮೊದಲೇ ಕೈಗೆ ಸಿಗಬೇಕಾದ ಉದ್ಯಮ ಇದು. ನಮ್ಮ ಶಾಸಕರನ್ನು, ಜಿಲ್ಲಾಡಳಿತವನ್ನು ಕೇಳಬೇಕಾದ್ದು ಇದನ್ನೇ.

ಅಲ್ಲಿಯವರೆಗೆ ಇರುವ ದಾರಿಗಳು ಕೆಲವು. ಬೈರಾಕ್‌ನ ಸೀಡ್ ಮತ್ತು ಲೀಪ್ ನಿಧಿಗಳು ಇನ್‌ಕ್ಯುಬೇಟರ್‌ಗಳ ಮೂಲಕ ಬರುತ್ತವೆ. ಅವು ಅನುದಾನವಲ್ಲ, ಹೂಡಿಕೆ. ರಾಜ್ಯ ಸರ್ಕಾರದ ಬೆಂಬಲದಿಂದ ಶುರುವಾದ ಕಿಟ್ವೆನ್ ಎಂಬ ಹೂಡಿಕೆ ಸಂಸ್ಥೆ ಕೂಡ ಬಯೋಟೆಕ್‌ಗೆಂದೇ ಒಂದು ಹೂಡಿಕೆ ನಿಧಿ ಮಾಡಿತ್ತು. ಹೂಡಿಕೆ ಎಂದರೆ ಕಂಪನಿಯಲ್ಲಿ ಪಾಲು ಕೊಡಬೇಕು. ಎಷ್ಟು ಪಾಲು, ಮುಂದೆ ಯಾರ ಮಾತು ನಡೆಯುತ್ತದೆ ಎಂದು ಸಹಿ ಹಾಕುವ ಮೊದಲು ಒಬ್ಬ ವಕೀಲರಿಗೆ ತೋರಿಸಲೇಬೇಕು. ಇನ್ನೊಂದು ದಾರಿ ಕೆಎಸ್‌ಎಫ್‌ಸಿ, ಅಂದರೆ ಕರ್ನಾಟಕ ರಾಜ್ಯ ಹಣಕಾಸು ಸಂಸ್ಥೆಯ ಸಾಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಬಡ್ಡಿಯ ಒಂದು ಭಾಗವನ್ನು ಸರ್ಕಾರವೇ ತುಂಬುವ ಯೋಜನೆಗಳು ಅಲ್ಲಿವೆ. ಆದರೆ ಸಾಲ ಸಾಲವೇ. ಕೊಳ್ಳುವವರ ಖಚಿತ ಆರ್ಡರ್ ಕೈಯಲ್ಲಿ ಇಲ್ಲದೆ ಸಾಲಕ್ಕೆ ಹೋಗಬೇಡಿ.

ಜಿಲ್ಲೆಯ ಗಡಿ ದಾಟಿದರೆ ಝೋನ್ ಬದಲು

ಕಾರ್ಖಾನೆಯ ಹಂತಕ್ಕೆ ಬಂದಾಗ ನಮ್ಮ ಮೂರು ಜಿಲ್ಲೆಗಳಿಗೆ ನಿಜವಾದ ಲಾಭ ಇದೆ. ರಾಜ್ಯದ ಕೈಗಾರಿಕಾ ನೀತಿ ಜಿಲ್ಲೆ, ತಾಲ್ಲೂಕುಗಳನ್ನು ಮೂರು ಝೋನ್‌ಗಳಾಗಿ ಮಾಡಿದೆ. ಬೆಂಗಳೂರು ನಗರ ಮತ್ತು ಬೆಂಗಳೂರು ಗ್ರಾಮಾಂತರ ಮೂರನೆಯ ಝೋನ್. ಅಲ್ಲಿ ಪ್ರೋತ್ಸಾಹ ಅತಿ ಕಡಿಮೆ. ಉಳಿದ ಕಡೆ ಜಾಸ್ತಿ. 2025ರ ಫೆಬ್ರವರಿಯಲ್ಲಿ ಬಂದ 2025-30ರ ನೀತಿಯಲ್ಲೂ ಇದೇ ತತ್ವ. ದೇವನಹಳ್ಳಿ ದಾಟಿ ವಿಜಯಪುರದ ತನಕ ಬೆಂಗಳೂರು ಗ್ರಾಮಾಂತರ. ಅಲ್ಲಿಂದ ಸ್ವಲ್ಪ ಮುಂದೆ ಶಿಡ್ಲಘಟ್ಟ ತಾಲ್ಲೂಕು ಶುರುವಾದರೆ ಲೆಕ್ಕವೇ ಬೇರೆ. ಹೊಸಕೋಟೆ ದಾಟಿ ನರಸಾಪುರ, ವೇಮಗಲ್, ಮಾಲೂರು ಕಡೆಗೆ ಬಂದರೂ ಹಾಗೆ. ದಾಬಸ್‌ಪೇಟೆ ದಾಟಿ ತುಮಕೂರಿನ ವಸಂತನರಸಾಪುರಕ್ಕೆ ಬಂದರೂ ಹಾಗೆ. ರಸ್ತೆ ಅದೇ, ವಿಮಾನ ನಿಲ್ದಾಣ ಅದೇ ದೂರದಲ್ಲಿ. ಪ್ರೋತ್ಸಾಹ ಮಾತ್ರ ಬದಲು.

ಸಣ್ಣ ಘಟಕಕ್ಕೆ ಬಂಡವಾಳ ಸಹಾಯಧನ ಎಂದರೆ ಕಟ್ಟಡ, ಯಂತ್ರಗಳ ಮೇಲೆ ಹಾಕಿದ ಹಣದ ಒಂದು ಭಾಗ ವಾಪಸ್. ಇದೂ ಉತ್ಪಾದನೆ ಶುರುವಾದ ಮೇಲೆಯೇ ಬರುತ್ತದೆ. ಸ್ಟ್ಯಾಂಪ್ ಡ್ಯೂಟಿ ವಿನಾಯಿತಿಯಂಥದ್ದು ಮಾತ್ರ ಮೊದಲೇ ಸಿಗುತ್ತದೆ. ಅದಕ್ಕೆ ಜಮೀನಿನ ನೋಂದಣಿಗೆ ಮುಂಚೆಯೇ ಅರ್ಜಿ ಹಾಕಿರಬೇಕು. ನೋಂದಣಿ ಮುಗಿದ ಮೇಲೆ ಕೇಳಿದರೆ ಆಗುವುದಿಲ್ಲ.

ಇದಕ್ಕೆಲ್ಲ ಹೋಗಬೇಕಾದ್ದು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ. 15 ಕೋಟಿ ರೂಪಾಯಿವರೆಗಿನ ಹೂಡಿಕೆಗೆ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿಯೇ ಒಪ್ಪಿಗೆ ಕೊಡುತ್ತದೆ. ನಮ್ಮ ಸೆರಿಸಿನ್ ಕಂಪನಿಯಂಥ ಸಣ್ಣ ಘಟಕದ ಫೈಲು ಬೆಂಗಳೂರಿಗೆ ಹೋಗುವ ಅಗತ್ಯವೇ ಇಲ್ಲ. ಅದಕ್ಕಿಂತ ದೊಡ್ಡದಾದರೆ ರಾಜ್ಯಮಟ್ಟದ ಸಮಿತಿ, 500 ಕೋಟಿ ದಾಟಿದರೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಸಮಿತಿ. ಪರಿಸರ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಎರಡು ಸಲ ಬೇಕು. ಕಟ್ಟುವ ಮೊದಲು ಒಮ್ಮೆ, ನಡೆಸುವ ಮೊದಲು ಇನ್ನೊಮ್ಮೆ.

ನೀರಿನ ಮಾತು ಆಡದೆ ಮುಂದೆ ಹೋಗಲಾರೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಅಂತರ್ಜಲ ಅತಿಯಾಗಿ ಬಳಕೆಯಾಗಿದೆ, ಹಲವು ಕಡೆ ಫ್ಲೋರೈಡ್ ಇದೆ. ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಿಂದ 2018ರಲ್ಲಿ ಕೋಲಾರದ ಕೆರೆಗಳಿಗೆ ಬರಲು ಶುರುವಾಯಿತು. ಅದು ಅಂತರ್ಜಲ ತುಂಬಿಸಲು, ಔಷಧ ತಯಾರಿಸಲು ಅಲ್ಲ. ಶುದ್ಧ ನೀರು ಬೇಡುವ ಉದ್ಯಮವನ್ನು ಇಲ್ಲಿ ತರುವಾಗ ಬಳಸಿದ ನೀರನ್ನೇ ಮತ್ತೆ ಶುದ್ಧ ಮಾಡಿ ಬಳಸುವ ಲೆಕ್ಕ ಮೊದಲ ದಿನದ ಯೋಜನೆಯಲ್ಲೇ ಇರಬೇಕು. ರೈತರ ಬೋರ್‌ವೆಲ್ ಬತ್ತಿಸಿ ಬೆಳೆಯುವ ಕಂಪನಿ ನಮಗೆ ಬೇಡ. ಸೆರಿಸಿನ್ ಘಟಕ ನನಗೆ ಇಷ್ಟವಾಗುವುದು ಇದಕ್ಕೇ. ಅದು ಚರಂಡಿಗೆ ಹೋಗುವ ನೀರಿನ ಹೊರೆಯನ್ನೇ ಕಡಿಮೆ ಮಾಡುತ್ತದೆ.

ಮೊದಲ ಗಿರಾಕಿ

ಗಾಯದ ಪಟ್ಟಿ ತಯಾರಾಯಿತು, ಲೈಸೆನ್ಸ್ ಬಂತು. ಕೊಳ್ಳುವವರು ಯಾರು? ಸರ್ಕಾರಿ ಆಸ್ಪತ್ರೆಗಳಿಗೆ ಔಷಧ, ಸಾಮಗ್ರಿ ಕೊಳ್ಳುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಖರೀದಿ ನಡೆಯುವುದು 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ, ಟೆಂಡರ್ ಮೂಲಕ. ಟೆಂಡರ್‌ನಲ್ಲಿ ಹಿಂದಿನ ವರ್ಷಗಳ ವಹಿವಾಟು, ಹಿಂದೆ ಸರಬರಾಜು ಮಾಡಿದ ಅನುಭವ ಕೇಳುತ್ತಾರೆ. ಹೊಸ ಕಂಪನಿಗೆ ಅದು ಎಲ್ಲಿಂದ ಬರಬೇಕು?

ಇದನ್ನು ಗಮನಿಸಿಯೇ ಸ್ಟಾರ್ಟಪ್‌ಗಳಿಗೆ ಅನುಭವ ಮತ್ತು ವಹಿವಾಟಿನ ಷರತ್ತಿನಲ್ಲಿ ಸಡಿಲಿಕೆ ಕೊಡುವ ಮಾತು ನೀತಿಯಲ್ಲಿದೆ. ಗುಣಮಟ್ಟದಲ್ಲಿ ಮಾತ್ರ ಸಡಿಲಿಕೆ ಇಲ್ಲ, ಇರಲೂಬಾರದು. ಆದರೆ ಪ್ರತಿ ಟೆಂಡರಿನ ಕಾಗದದಲ್ಲಿ ಈ ಸಡಿಲಿಕೆ ತಾನಾಗಿ ಬಂದಿರುವುದಿಲ್ಲ. ಟೆಂಡರ್ ತೆರೆಯುವ ಮುಂಚೆ ಪ್ರಶ್ನೆ ಕೇಳಲು ಒಂದು ದಿನ ಇಟ್ಟಿರುತ್ತಾರೆ. ಆ ದಿನದೊಳಗೆ, ಬರವಣಿಗೆಯಲ್ಲಿ, ನಿಮ್ಮ ಸ್ಟಾರ್ಟಪ್ ನೋಂದಣಿ ಸಂಖ್ಯೆ ಮತ್ತು ಸರ್ಕಾರಿ ಆದೇಶದ ಸಂಖ್ಯೆ ಹಾಕಿ ಸಡಿಲಿಕೆ ಕೇಳಿ. ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ. ಟೆಂಡರ್ ತೆರೆದ ಮೇಲೆ ಕೇಳಿದರೆ ಯಾವ ಅಧಿಕಾರಿಯೂ ಏನೂ ಮಾಡಲು ಆಗುವುದಿಲ್ಲ.